ಇಪ್ಪತ್ತೊಂಬತ್ತು ಅಂಕಸ್ಥಾನಗಳ ಮನುಷ್ಯರಾಶಿ: ಪಾಠಶುದ್ಧಿ ಮತ್ತು ಮತಭೇದ

ಜೈನ ಗ್ರಂಥಗಳಲ್ಲಿ ಪರ್ಯಾಪ್ತ ಮನುಷ್ಯರ ಪ್ರಮಾಣವೆಂದು ಪ್ರಸಿದ್ಧವಾದ ಸಂಖ್ಯೆ 79228162514264337593543950336. ಇದರ ವಿಷಯದಲ್ಲಿ ಗ್ರಂಥಸಂಪಾದಕನ ಮುಂದೆ ಎರಡು ಪ್ರಶ್ನೆಗಳಿವೆ. ಪ್ರತಿಯಲ್ಲಿರುವ ಪಾಠ ಶುದ್ಧವೇ ಎಂಬುದು ಮೊದಲನೆಯದು. ಶುದ್ಧವಾದ ಸಂಖ್ಯೆ ಎಲ್ಲ ಆಚಾರ್ಯರಿಗೂ ಸಮ್ಮತವೇ ಎಂಬುದು ಎರಡನೆಯದು. ಇವೆರಡನ್ನೂ ಬೆರೆಸಿದರೆ ಪ್ರಮಾದಕ್ಕೆ ಎಡೆಯಾಗುತ್ತದೆ.

ಎರಡನ್ನು ವರ್ಗಿಸಿದರೆ 4. ಬಂದ ಫಲವನ್ನು ಮತ್ತೆ ಮತ್ತೆ ವರ್ಗಿಸಿದರೆ 16, 256, 65536. ಐದನೆಯ ವರ್ಗ 4294967296, ಆರನೆಯದು 18446744073709551616. ಅನುಯೋಗದ್ವಾರಸೂತ್ರವು ಈ ಐದನೆಯ ಮತ್ತು ಆರನೆಯ ವರ್ಗಗಳ ಗುಣಲಬ್ಧವನ್ನು ಹೇಳಿ, ಅದನ್ನೇ 96 ಬಾರಿ ಅರ್ಧಿಸಬಹುದಾದ ರಾಶಿಯೆಂದು ಸೂಚಿಸುತ್ತದೆ. ಗೊಮ್ಮಟಸಾರದ ಜೀವಕಾಂಡದಲ್ಲಿ ನೇಮಿಚಂದ್ರರು ಅದನ್ನು ಐದನೆಯ ವರ್ಗದ ಘನವೆಂದರು. ಆರನೆಯದು ಐದನೆಯದರ ವರ್ಗವೇ ಆದುದರಿಂದ ಎರಡು ಮಾತುಗಳೂ ಒಂದೇ.

ಜೀವಕಾಂಡದ ಮುಂದಿನ ಗಾಹೆ ಇದೇ ಸಂಖ್ಯೆಯ 29 ಅಂಕಗಳನ್ನು ಕಟಪಯಾದಿ ಕ್ರಮದಲ್ಲಿ, ಬಿಡಿಸ್ಥಾನದಿಂದ ಆರಂಭಿಸಿ, ಅಕ್ಷರಗಳಲ್ಲಿ ಅಡಗಿಸಿದೆ. ಇಲ್ಲಿ ಲಿಪಿಕಾರನ ಒಂದು ಕೈತಪ್ಪು ಗಣಿತದ ತಪ್ಪಾಗಿ ಪರಿಣಮಿಸುತ್ತದೆ. ಕನ್ನಡ ಲಿಪಿಯಲ್ಲಿ ದಕಾರ ಧಕಾರಗಳ ಅಂತರ ಒಂದು ಸಣ್ಣ ಸೀಳು ಮಾತ್ರ. ಆದರೆ ದ ಎಂದರೆ 8, ಧ ಎಂದರೆ 9. ಶುದ್ಧಪಾಠದ ಅಂಕಗಳ ಮೊತ್ತ 127. ಅದನ್ನು ಒಂಬತ್ತರಿಂದ ಭಾಗಿಸಿದರೆ ಶೇಷ 1. ಒಂದು ಧಕಾರ ದಕಾರವಾದರೆ ಶೇಷ ಶೂನ್ಯವಾಗಿ ದೋಷ ಹೊರಬೀಳುತ್ತದೆ. ಆದರೆ ಸೊನ್ನೆಯನ್ನು ಸೂಚಿಸುವ ನಕಾರದ ಸ್ಥಾನದಲ್ಲಿ ಧಕಾರ ಬಂದರೆ ಮೊತ್ತ 136 ಆಗಿ ಶೇಷ ಮತ್ತೆ 1 ಉಳಿಯುತ್ತದೆ. ಅಕ್ಷರಗಳು ಹಿಂದುಮುಂದಾದರೂ ಈ ಪರೀಕ್ಷೆಗೆ ತಿಳಿಯದು. ಅರ್ಧಚ್ಛೇದವೇ ಪೂರ್ಣ ಪರೀಕ್ಷೆ: 96 ಬಾರಿ ಅರ್ಧಿಸಿದಾಗ ಒಂದು ಉಳಿಯುವ ಸಂಖ್ಯೆ ಇದೊಂದೇ. ನಕಾರ ಧಕಾರವಾದ ಪಾಠದಲ್ಲಿ ಮೂರು ಬಾರಿ ಅರ್ಧಿಸುವಷ್ಟರಲ್ಲೇ ಬೆಸಸಂಖ್ಯೆ ಎದುರಾಗುತ್ತದೆ.

ಇಷ್ಟರಿಂದ ಮೊದಲ ಪ್ರಶ್ನೆಗೆ ಮಾತ್ರ ಉತ್ತರ ದೊರೆಯಿತು. ಷಟ್ಖಂಡಾಗಮದ ಸೂತ್ರವು ಮನುಷ್ಯರಾಶಿಯನ್ನು ಕೋಡಾಕೋಡಾಕೋಡಿಗಿಂತ ಮೇಲೆ, ಕೋಡಾಕೋಡಾಕೋಡಾಕೋಡಿಗಿಂತ ಕೆಳಗೆ ಇರಿಸುತ್ತದೆ. ಕೋಟಿಯನ್ನು ನಾಲ್ಕು ಬಾರಿ ಇಟ್ಟು ಗುಣಿಸಿದರೆ ಒಂದರ ಮುಂದೆ 28 ಸೊನ್ನೆಗಳು; ಅದಕ್ಕೂ ಅಂಕಸ್ಥಾನಗಳು 29. ಸ್ಥಾನಗಳನ್ನಷ್ಟೇ ಎಣಿಸಿದವನಿಗೆ ಎರಡೂ ಸಮಾನವೆನಿಸಬಹುದು. ವಾಸ್ತವವಾಗಿ ಪ್ರಸಿದ್ಧ ಸಂಖ್ಯೆ ಸೂತ್ರದ ಮೇಲಿನ ಮಿತಿಯ ಏಳು ಪಟ್ಟನ್ನೂ ಮೀರಿದೆ. ವೀರಸೇನಾಚಾರ್ಯರು ಧವಲಾ ಟೀಕೆಯಲ್ಲಿ ಈ ತೊಡಕನ್ನು ಗುರುತಿಸಿ, ಮನುಷ್ಯಕ್ಷೇತ್ರದ ಕ್ಷೇತ್ರಫಲವನ್ನು ಗಣಿಸಿ, ಅಷ್ಟು ಮನುಷ್ಯರಿಗೆ ಅಲ್ಲಿ ಎಡೆಯಿಲ್ಲವೆಂದು ಆ ಸಂಖ್ಯೆಯನ್ನು ನಿರಾಕರಿಸಿದರು. ಧವಲಾದ ನಾಲ್ಕನೆಯ ಸಂಪುಟದ (1942) ಗಣಿತಲೇಖನದಲ್ಲಿ ಅವಧೇಶ ನಾರಾಯಣ ಸಿಂಹರು ಇದರತ್ತ ಗಮನ ಸೆಳೆದಿದ್ದಾರೆ.

ವೀರಸೇನರ ತರುವಾಯ ಬಂದ ನೇಮಿಚಂದ್ರರು ಆ ಸಂಖ್ಯೆಯನ್ನೇ ಉಳಿಸಿಕೊಂಡರು. ಆದುದರಿಂದ ಗೊಮ್ಮಟಸಾರದ ಆಧಾರದಿಂದ ಧವಲಾದ ಪಾಠವನ್ನು ತಿದ್ದುವುದಾಗಲಿ, ಸೂತ್ರದ ಮಿತಿಗೆ ಹೊಂದುವಂತೆ ಗಾಹೆಯ ಅಕ್ಷರಗಳನ್ನು ಬದಲಿಸುವುದಾಗಲಿ ಯುಕ್ತವಲ್ಲ. ಮೂಡಬಿದಿರೆಯ ಕನ್ನಡ ಲಿಪಿಯ ತಾಳೆಗರಿಗಳು ಶತಮಾನಗಳ ಕಾಲ ಕಾಪಾಡಿದ್ದು ಸಿದ್ಧಾಂತವನ್ನು ಮಾತ್ರವಲ್ಲ, ಅದರೊಳಗಿನ ವಾದವನ್ನೂ ಹೌದು. ಲಿಪಿಕಾರನ ದೋಷವನ್ನು ಗಣಿತದಿಂದ ತಿದ್ದಬಹುದು. ಆಚಾರ್ಯರ ಮತಭೇದವನ್ನು ತಿದ್ದಲಾಗದು, ದಾಖಲಿಸಬೇಕು.