ತೊಟ್ಟಿಲ ಪಕ್ಕದಲ್ಲಿ ಕುಳಿತವಳು: ‘ಶರಪಂಜರ’ದ ಮರು ಓದು

ಹಸುಗೂಸಿರುವ ಮನೆಗೆ ಹೋದಾಗ ನೀವು ಮೊದಲು ಕೇಳುವ ಪ್ರಶ್ನೆ ಯಾವುದು? ಮಗುವಿನ ತೂಕವೆಷ್ಟು, ರಾತ್ರಿ ನಿದ್ರೆ ಮಾಡುತ್ತದೆಯೇ, ಮೂಗು ತಂದೆಯದೋ ತಾಯಿಯದೋ, ಜ್ಞಾನಸ್ನಾನ ಯಾವಾಗ? ಬಹುಶಃ ಇವೇ. ಗುರುವಾಗಿ ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಮನೆಭೇಟಿ ಮಾಡಿದ ನಾನೂ ಇವನ್ನೇ ಕೇಳುತ್ತ ಬಂದವನು. ಈ ಪ್ರಶ್ನೆಗಳಲ್ಲಿ ತಪ್ಪೇನೂ ಇಲ್ಲ. ಆದರೆ ಇವುಗಳ ನಡುವೆ ಒಬ್ಬಳು ಬಿಟ್ಟುಹೋಗಿದ್ದಾಳೆ ಎಂಬುದು ನನಗೆ ತಡವಾಗಿ ಹೊಳೆಯಿತು.

ಗುರುಗುಂಡ ಬ್ರಹ್ಮೇಶ್ವರ ಸ್ವಾಮಿ ಮಠದಿಂದಾಗಿ ನಾಡಿಗೆ ಪರಿಚಿತವಾದ ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯಲ್ಲಿ, ನೌಕರಿಯ ನಿಮಿತ್ತ ಬಂದು ನೆಲೆಸಿದ ನಮ್ಮವರ ಕುಟುಂಬವೊಂದನ್ನು ಕಾಣಲು ಹೋಗಿದ್ದೆ. ಮೂರು ವರ್ಷದ ಮಗ, ಏಳು ವಾರದ ಮಗಳು. ತಂಗಿಗೆ ಹಸಿವಾಗಿದೆಯೆಂದು ನಿರ್ಧರಿಸಿದ ಆ ಹುಡುಗ ತಾನು ಕಚ್ಚಿದ ಚಕ್ಕುಲಿಯನ್ನು ತೊಟ್ಟಿಲೊಳಗೆ ಹಾಕಿದ. ಎಲ್ಲರೂ ನಕ್ಕೆವು. ಇಂತಹ ನಗುವಿಗಾಗಿಯೇ ದೇವರು ಮನೆಗಳಿಗೆ ಮಕ್ಕಳನ್ನು ಕಳುಹಿಸುತ್ತಾನೇನೋ ಎನಿಸಿತು. ಗೋಡೆಗೊರಗಿ ಕುಳಿತಿದ್ದ ತಾಯಿ ಮಾತ್ರ ನಗಲಿಲ್ಲ. ಚಕ್ಕುಲಿಯನ್ನು ತೆಗೆದು ಪಕ್ಕಕ್ಕಿಟ್ಟು ಮತ್ತೆ ಗೋಡೆಗೊರಗಿದರು. “ಬಾಣಂತಿಯಲ್ಲವೇ ಫಾದರ್, ದಣಿವು” ಎಂದರು ಅತ್ತೆ. ನಾನು ಮಗುವಿನ ಹಣೆಗೆ ಶಿಲುಬೆಯ ಗುರುತು ಹಾಕಿ, ಕಾಫಿ ಕುಡಿದು ಹೊರಟೆ. ಬಸ್ಸಿನಲ್ಲಿ ಕುಳಿತ ಮೇಲೆ ನೆನಪಾಯಿತು: ಆ ತಾಯಿಯೊಡನೆ ನಾನು ಒಂದು ಮಾತನ್ನೂ ಆಡಿರಲಿಲ್ಲ. ಅಂದು ರಾತ್ರಿ ಕಪಾಟಿನಿಂದ ತ್ರಿವೇಣಿಯವರ ‘ಶರಪಂಜರ’ವನ್ನು ಬಹಳ ವರ್ಷಗಳ ನಂತರ ಮತ್ತೆ ಕೈಗೆತ್ತಿಕೊಂಡೆ.

ತ್ರಿವೇಣಿ ಎಂಬ ಹೆಸರಿನಲ್ಲಿ ಬರೆದ ಅನಸೂಯಾ ಶಂಕರ್ ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿದವರು. ಹತ್ತೇ ವರ್ಷಗಳ ಅವಧಿಯಲ್ಲಿ ಸುಮಾರು ಇಪ್ಪತ್ತು ಕಾದಂಬರಿಗಳನ್ನು ಬರೆದು, 1963ರ ಜುಲೈನಲ್ಲಿ, ಹೆಣ್ಣುಮಗುವಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮುನ್ನವೇ ತೀರಿಕೊಂಡರು. ಬಾಣಂತಿಯ ಸಂಕಟವನ್ನು ಕನ್ನಡದಲ್ಲಿ ಅಷ್ಟು ನಿಕಟವಾಗಿ ಬರೆದ ಲೇಖಕಿಯ ಬಾಳು ಬಾಣಂತನದಲ್ಲೇ ಮುಗಿದದ್ದನ್ನು ನೆನೆದಾಗ ಮನಸ್ಸು ಮೂಕವಾಗುತ್ತದೆ.

ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುವುದೇ. ಕಾವೇರಿ ವಿದ್ಯಾವಂತೆ, ಚೆಲುವೆ. ಮೆಚ್ಚಿದ ಸತೀಶನ ಕೈಹಿಡಿದು ಸುಖದ ಸಂಸಾರ ಕಟ್ಟಿದವಳು. ಎರಡನೆಯ ಹೆರಿಗೆಯ ನಂತರ ಆಕೆಯ ಮನಸ್ಸು ಕದಡುತ್ತದೆ. ಆಸ್ಪತ್ರೆಯ ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಮರಳುತ್ತಾಳೆ. ಸಾಮಾನ್ಯ ಕಥೆಗಾರರು ಇಲ್ಲಿಗೆ ಮಂಗಳ ಹಾಡಿಬಿಡುತ್ತಿದ್ದರು. ತ್ರಿವೇಣಿಯವರ ನಿಜವಾದ ಕಥೆ ಆರಂಭವಾಗುವುದೇ ಇಲ್ಲಿಂದ. ಕಾವೇರಿ ಗುಣವಾಗಿದ್ದಾಳೆ, ಆದರೆ ಆಕೆ ಗುಣವಾಗಿದ್ದಾಳೆಂದು ನಂಬುವವರಿಲ್ಲ. ಗಂಡನ ಮನಸ್ಸು ದೂರ ಸರಿದಿದೆ. ಸುತ್ತಲಿನವರ ಕಣ್ಣಿನಲ್ಲಿ ಅಂಜಿಕೆ, ಬೆನ್ನ ಹಿಂದೆ ಪಿಸುಮಾತು. ಬೇರೆ ಯಾವ ಹೆಂಗಸು ಸಿಟ್ಟಾದರೂ ಅದು ಬರೀ ಸಿಟ್ಟು. ಕಾವೇರಿ ಸಿಟ್ಟಾದರೆ ಅದು ರೋಗದ ಲಕ್ಷಣ. ಈ ನೋಟಗಳೂ ಮಾತುಗಳೂ ಬಾಣಗಳಾಗಿ ಸುತ್ತ ನಾಟಿಕೊಂಡು ಪಂಜರವಾಗುತ್ತವೆ. ಕಾದಂಬರಿಯ ಹೆಸರು ಸಾರ್ಥಕವಾಗುವುದು ಹೀಗೆ. ಕೊನೆಗೆ ಆ ಪಂಜರವೇ ಆಕೆಯನ್ನು ಮತ್ತೆ ರೋಗಕ್ಕೆ ನೂಕುತ್ತದೆ.

ಈ ಕೃತಿಯ ಮೊದಲ ಹಿರಿಮೆಯೆಂದರೆ ಅದು ಕಾಯಿಲೆಯನ್ನು ಕಾಯಿಲೆಯೆಂದೇ ಕರೆದದ್ದು. ಗಾಳಿ, ಗ್ರಹಚಾರ, ಮಾಟ ಎನ್ನುತ್ತಿದ್ದ ಕಾಲದಲ್ಲಿ ಲೇಖಕಿ ಕಾವೇರಿಯನ್ನು ವೈದ್ಯರ ಬಳಿಗೆ ಕಳುಹಿಸಿದರು. ಎರಡನೆಯದು, ಖಳನಾಯಕನನ್ನು ಬಿಟ್ಟುಕೊಟ್ಟದ್ದು. ಆಕೆಯನ್ನು ಯಾರೂ ಹೊಡೆಯುವುದಿಲ್ಲ, ಹಸಿವಿನಿಂದ ಕೊಲ್ಲುವುದಿಲ್ಲ. ಸಭ್ಯರೆನಿಸಿಕೊಂಡವರು ಕೇವಲ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಾರೆ, ಅಷ್ಟೇ. ಹಾಗಾಗಿಯೇ ಓದುಗನಾದ ನನಗೆ ತಪ್ಪಿಸಿಕೊಳ್ಳಲು ದಾರಿ ಸಿಗುವುದಿಲ್ಲ.

ಹಾಗೆಂದು ಕೃತಿಯಲ್ಲಿ ಕೊರತೆಯಿಲ್ಲವೆಂದಲ್ಲ. ಓದಿ ಮುಗಿಸಿದಾಗ ಕಾವೇರಿಯ ನೋವು ಮನಸ್ಸಿನಲ್ಲಿ ನಿಲ್ಲುತ್ತದೆ, ಮಕ್ಕಳ ಮುಖ ನಿಲ್ಲುವುದಿಲ್ಲ. ಎಳೆಯ ಮಕ್ಕಳಿರುವ ಮನೆಯ ದಿನಚರಿ, ಅಂದರೆ ರಾತ್ರಿಯ ಎಚ್ಚರ, ಒದ್ದೆ ಬಟ್ಟೆ, ಇಬ್ಬರೂ ಒಟ್ಟಿಗೆ ಅತ್ತಾಗ ಯಾರನ್ನು ಮೊದಲು ಎತ್ತಿಕೊಳ್ಳಬೇಕೆಂಬ ಗೊಂದಲ, ಇವು ಕಥೆಯ ಅಂಚಿಗೆ ಸರಿದಿವೆ. ತಂದೆಯಾದವನು ಈ ಕೆಲಸಗಳಲ್ಲಿ ಕೈಹಾಕಬಹುದೆಂಬ ಕಲ್ಪನೆ ಆ ಕಾಲದ ಕಾದಂಬರಿಗೆ ಇದ್ದಂತಿಲ್ಲ. ಸತೀಶ ಪ್ರೀತಿಸಬಲ್ಲ, ಪ್ರೀತಿಸುವುದನ್ನು ಬಿಡಲೂಬಲ್ಲ. ಮಗುವಿಗೆ ಬಟ್ಟೆ ಬದಲಾಯಿಸಬಲ್ಲ ತಂದೆಯಾಗಿ ಮಾತ್ರ ಅವನು ನನ್ನ ಕಣ್ಣಿಗೆ ಕಟ್ಟಲಿಲ್ಲ.

ಮುಂದೆ ಪುಟ್ಟಣ್ಣ ಕಣಗಾಲ್ ಅವರು ಇದನ್ನು ಚಲನಚಿತ್ರವಾಗಿಸಿದಾಗ ಕಲ್ಪನಾ ಅವರ ಅಭಿನಯದಿಂದ ಕಾವೇರಿ ಮನೆಮಾತಾದಳು. ಆದರೆ ಚಿತ್ರದಲ್ಲಿ, ಮದುವೆಗೆ ಮುಂಚಿನ ಕಹಿ ನೆನಪೊಂದು ರೋಗದ ಮೂಲವೆಂಬಂತೆ ಕಾಣಿಸಿಕೊಳ್ಳುತ್ತದೆ. ಇದರಿಂದ ನಾಟಕೀಯತೆಗೆ ಲಾಭವಾಯಿತು, ತಿಳಿವಳಿಕೆಗೆ ನಷ್ಟವಾಯಿತು. ಬಾಣಂತಿಗೆ ಮನಸ್ಸು ಕದಡಿದರೆ ಅದರ ಹಿಂದೆ ಏನೋ ಗುಟ್ಟಿರಬೇಕೆಂದು ಪ್ರೇಕ್ಷಕರು ಅರ್ಥಮಾಡಿಕೊಂಡರು. ಊರ ಉತ್ಸವಗಳ ಮಿಮಿಕ್ರಿಯಲ್ಲಿ ಆ ನಗುವನ್ನು ಅನುಕರಿಸಿ ಜನರನ್ನು ನಗಿಸುವುದನ್ನೂ ನಾನು ಕಂಡಿದ್ದೇನೆ. ಅಳಬೇಕಾದ ಕಥೆಯನ್ನು ನಾವು ಹಾಸ್ಯ ಮಾಡಿಕೊಂಡೆವು.

ವೈದ್ಯಶಾಸ್ತ್ರ ಇಂದು ಹೇಳುವುದೇ ಬೇರೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ತೀವ್ರವಾದ ಮನೋವಿಕಾರ ತಲೆದೋರುತ್ತದೆ. ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲೇ ಅದು ಕಾಣಿಸಿಕೊಳ್ಳುತ್ತದೆ, ಕೂಡಲೇ ಚಿಕಿತ್ಸೆ ಬೇಕಾಗುತ್ತದೆ, ಗುಣವೂ ಆಗುತ್ತದೆ. ಅದಕ್ಕಿಂತ ಸೌಮ್ಯವಾದ, ಆದರೆ ತಿಂಗಳುಗಟ್ಟಲೆ ಕಾಡುವ ಖಿನ್ನತೆ ಎಷ್ಟೋ ಹೆಚ್ಚು ವ್ಯಾಪಕ. ಭಾರತದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ನೂರಕ್ಕೆ ಸುಮಾರು 22 ತಾಯಂದಿರು ಅದನ್ನು ಅನುಭವಿಸುತ್ತಾರೆ. ದೇಹದ ರಸಗಳ ಏರುಪೇರು, ನಿದ್ರೆಯ ಅಭಾವ, ಮನೆತನದ ಹಿನ್ನೆಲೆ, ಆಸರೆಯಿಲ್ಲದಿರುವಿಕೆ, ಇವೆಲ್ಲ ಸೇರಿ ಅದಕ್ಕೆ ಕಾರಣವಾಗುತ್ತವೆ. ಗುಟ್ಟೂ ಬೇಕಿಲ್ಲ, ಪಾಪವೂ ಬೇಕಿಲ್ಲ. ತಾಯಿ ಮಗುವನ್ನು ಅಗಲಿಸದೆ ಇಬ್ಬರನ್ನೂ ಒಟ್ಟಿಗೇ ಇರಿಸಿ ಚಿಕಿತ್ಸೆ ನೀಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲೇ ಆರಂಭವಾಯಿತು. ಕಾವೇರಿಗೆ ದೊರೆಯದ ಭಾಗ್ಯವದು.

ಆದರೆ ಆಸ್ಪತ್ರೆ ಕೊಡಲಾಗದ್ದೊಂದಿದೆ: ಮನೆಗೆ ಮರಳಿ ಬರಮಾಡಿಕೊಳ್ಳುವ ಬಾಗಿಲು. ಬಾಣಂತಿಗೆ ಬಾಗಿಲು ಮುಚ್ಚುವುದು ನಮ್ಮ ಶಿರಾ ಸೀಮೆಯ ಓದುಗರಿಗೆ ಬರೀ ರೂಪಕವಲ್ಲ. ಕಾಡುಗೊಲ್ಲರ ಹಟ್ಟಿಗಳಲ್ಲಿ ದೈವದ ಮಡಿಯ ಹೆಸರಿನಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಕೂಸಿನೊಂದಿಗೆ ಹಟ್ಟಿಯಾಚೆ ಇರಿಸುವ ರೂಢಿ ತಲೆತಲಾಂತರದಿಂದ ಬಂದದ್ದು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಊರಾಚೆಯ ಗುಡಿಸಲಿನಲ್ಲಿದ್ದ ಹಸುಗೂಸೊಂದು ಮಳೆ ಚಳಿಗೆ ಸಿಲುಕಿ ಅಸುನೀಗಿತು. ನಾಡೆಲ್ಲ ಮರುಗಿತು, ಅಧಿಕಾರಿಗಳು ಬಂದರು, ಆ ಸಮುದಾಯದ ಒಳಗಿನವರೇ ಅನೇಕರು ಈ ರೂಢಿ ನಿಲ್ಲಲೆಂದು ದುಡಿಯುತ್ತಿದ್ದಾರೆ. ಗುಡಿಸಲಿನ ಬದಲು ಗಟ್ಟಿ ಕಟ್ಟಡ ಕಟ್ಟಿಸಿದರೂ ಹಟ್ಟಿಯ ಆಚೆಯೆಂಬುದು ಆಚೆಯೇ ಅಲ್ಲವೇ?

ಇದನ್ನು ಓದಿ ‘ಅದು ಅವರ ಅಜ್ಞಾನ’ ಎಂದು ನಿಟ್ಟುಸಿರು ಬಿಡುವ ಮುನ್ನ ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ನಿಮ್ಮ ಮನೆಯ ಅಜ್ಜಿಯರನ್ನು ಕೇಳಿ. ಹಿಂದೆ ಹೆರಿಗೆಯ ನಂತರ ಮೊದಲ ಬಾರಿ ದೇವಾಲಯಕ್ಕೆ ಬಂದ ತಾಯಿ ಉರಿಯುವ ಮೇಣದ ಬತ್ತಿ ಹಿಡಿದು ಹೊಸ್ತಿಲಲ್ಲಿ ಮೊಣಕಾಲೂರಬೇಕಿತ್ತು. ಗುರು ಬಂದು ತನ್ನ ಸ್ತೋಲದ ಅಂಚನ್ನು ಆಕೆಯ ಕೈಗಿತ್ತು ಒಳಗೆ ಕರೆದೊಯ್ಯುತ್ತಿದ್ದರು. ಧರ್ಮಸಭೆಯ ಗ್ರಂಥದಲ್ಲಿ ಅದು ಕೃತಜ್ಞತೆಯ ಆಶೀರ್ವಾದ. ಜನರ ಮನಸ್ಸಿನಲ್ಲಿ ಅದು ಮೈಲಿಗೆ ಕಳೆಯುವ ವಿಧಿ. ಮಗುವಿನ ಜ್ಞಾನಸ್ನಾನವಂತೂ ಹುಟ್ಟಿದ ಕೆಲವೇ ದಿನಗಳಲ್ಲಿ ನಡೆಯುತ್ತಿದ್ದುದರಿಂದ ಎಷ್ಟೋ ತಾಯಂದಿರು ಅದನ್ನು ಕಣ್ಣಾರೆ ಕಾಣಲೇ ಇಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1969ರಲ್ಲಿ ಹೊರಬಂದ ಮಕ್ಕಳ ಜ್ಞಾನಸ್ನಾನದ ಹೊಸ ವಿಧಿ ತಂದೆತಾಯಿಯರನ್ನು ಮಧ್ಯಕ್ಕೆ ಕರೆತಂದಿತು, ಕೊನೆಯಲ್ಲಿ ತಾಯಿಗೂ ತಂದೆಗೂ ಬೇರೆಬೇರೆ ಆಶೀರ್ವಾದವಿತ್ತಿತು. ಹೊಸ್ತಿಲು ದಾಟಲು ನಮಗೂ ಅಷ್ಟು ಕಾಲ ಹಿಡಿಯಿತು. ಲೂಕನು ಬರೆದ ಶುಭಸಂದೇಶದಲ್ಲಿ ಶುದ್ಧೀಕರಣದ ದಿನಗಳು ತುಂಬಿದ ಮೇಲೆ ಮರಿಯ ದೇವಾಲಯಕ್ಕೆ ಹೋದದ್ದನ್ನು ಓದುತ್ತೇವೆ. ಆಕೆ ಒಬ್ಬಳೇ ಹೋಗಲಿಲ್ಲ, ಜೋಸೆಫರು ಜೊತೆಗಿದ್ದರು ಎಂಬುದನ್ನು ಓದಿಯೂ ಓದದವರಂತೆ ದಾಟಿಬಿಡುತ್ತೇವೆ.

ಇನ್ನೂ ಒಂದು ಮಾತನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ನಾನು ಸಹಾಯಕ ಗುರುವಾಗಿದ್ದ ಮೊದಲ ವರ್ಷಗಳಲ್ಲಿ, ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಬಂದ ತಾಯಿಯೊಬ್ಬರು ಭಾನುವಾರದ ಬಲಿಪೂಜೆಗೆ ಬಂದು ಬೆಂಚಿನಲ್ಲಿ ಕುಳಿತರು. ಪಕ್ಕದಲ್ಲಿದ್ದವರು ತಮ್ಮ ಮಕ್ಕಳನ್ನು ಮೆಲ್ಲಗೆ ಇನ್ನೊಂದು ಬದಿಗೆ ಎಳೆದುಕೊಂಡರು. ಪೀಠದ ಬಳಿಯಿಂದ ನಾನದನ್ನು ಸ್ಪಷ್ಟವಾಗಿ ಕಂಡೆ. ಅಂದಿನ ಪ್ರಬೋಧನೆಯಲ್ಲಿ ಪ್ರೀತಿಯ ಬಗ್ಗೆ ಮಾತನಾಡಿದೆ. ಪೂಜೆಯ ನಂತರ ಆ ಬೆಂಚಿನ ಬಳಿ ಹೋಗಲಿಲ್ಲ. ಮುಂದಿನ ಭಾನುವಾರ ಅವರು ಬರಲಿಲ್ಲ, ಆಮೇಲೂ ಬರಲಿಲ್ಲ. ‘ಶರಪಂಜರ’ದ ಬಾಣಗಳಲ್ಲಿ ಒಂದು ನನ್ನ ಬತ್ತಳಿಕೆಯದೂ ಹೌದು.

ಕಾದಂಬರಿಯ ಕೊನೆ ತೀರಾ ಕತ್ತಲು, ಒಂದು ಕಿಟಕಿಯನ್ನಾದರೂ ತೆರೆಯಬಹುದಿತ್ತು ಎನ್ನುವ ಓದುಗರಿದ್ದಾರೆ. ಮೊದಲ ಓದಿನಲ್ಲಿ ನನಗೂ ಹಾಗೆನಿಸಿತ್ತು. ಈಗ ಹಾಗೆನಿಸುವುದಿಲ್ಲ. ಕಾವೇರಿಯನ್ನು ಕಥೆಯೊಳಗೇ ಯಾರಾದರೂ ಕೈಹಿಡಿದಿದ್ದರೆ ನಾವು ನೆಮ್ಮದಿಯಿಂದ ಪುಸ್ತಕ ಮುಚ್ಚಿ ಮಲಗುತ್ತಿದ್ದೆವು. ತ್ರಿವೇಣಿ ಆ ನೆಮ್ಮದಿಯನ್ನು ನಮಗೆ ಕೊಡಲಿಲ್ಲ. ಬಾಗಿಲು ತೆರೆಯುವ ಕೆಲಸವನ್ನು ಪುಸ್ತಕದ ಹೊರಗಿರುವವರಿಗೆ ಬಿಟ್ಟರು.

ಅದು ದೊಡ್ಡ ಕೆಲಸವೇನಲ್ಲ. ರಾತ್ರಿಯ ಒಂದು ಪಾಳಿಯನ್ನು ತಂದೆ ವಹಿಸಿಕೊಂಡು ತಾಯಿಗೆ ನಾಲ್ಕೈದು ಗಂಟೆಯ ನಿದ್ರೆ ದೊರಕಿಸುವುದು. ದೊಡ್ಡ ಮಗುವನ್ನು ನೆರೆಯವರು ಒಂದು ಸಂಜೆ ಆಡಿಸುವುದು. ಅತ್ತೆಯಾದವರು ‘ನಮ್ಮ ಕಾಲದಲ್ಲಿ’ ಎಂದು ಆರಂಭವಾಗುವ ವಾಕ್ಯವನ್ನು ನುಂಗಿಕೊಳ್ಳುವುದು. ಎರಡು ವಾರ ಕಳೆದರೂ ಕಣ್ಣೀರು ನಿಲ್ಲದಿದ್ದರೆ ವೈದ್ಯರನ್ನು ಕಾಣುವುದು. ಮಗು ಮಲಗಿದರೂ ತಾಯಿಗೆ ನಿದ್ರೆ ಬಾರದೆ ಮಾತು ತಪ್ಪುತ್ತಿದ್ದರೆ, ತನಗಾಗಲಿ ಮಗುವಿಗಾಗಲಿ ಕೇಡು ಮಾಡಿಕೊಳ್ಳುವ ಮಾತಾಡಿದರೆ, ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯುವುದು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುವವರು ಸಿಗುತ್ತಾರೆ.

ಮರುವಾರ ನಾನು ಮತ್ತೆ ಪಟ್ಟನಾಯಕನಹಳ್ಳಿಗೆ ಹೋದೆ. ತೊಟ್ಟಿಲ ಕಡೆಗೆ ತಿರುಗುವ ಮೊದಲು ತಾಯಿಯ ಎದುರು ಕುಳಿತು, “ನೀವು ಹೇಗಿದ್ದೀರಮ್ಮಾ? ನಿದ್ರೆ ಬರುತ್ತಿದೆಯೇ?” ಎಂದು ಕೇಳಿದೆ. ಅವರು ಕೂಡಲೇ ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿನ ನಂತರ, “ಇದನ್ನು ಯಾರೂ ಕೇಳಿರಲಿಲ್ಲ ಫಾದರ್” ಎಂದರು. ಬಾಗಿಲ ಬಳಿ ನಿಂತಿದ್ದ ಪತಿ ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ. ಆ ದಿನ ನಾವು ಮೂವರೂ ಬಹಳ ಹೊತ್ತು ಮಾತನಾಡಿದೆವು. ತೊಟ್ಟಿಲಲ್ಲಿದ್ದ ಮಗು ತನ್ನ ಪಾಡಿಗೆ ನಿದ್ರಿಸುತ್ತಿತ್ತು.

ಪ್ರಿಯ ಓದುಗರೇ, ‘ಶರಪಂಜರ’ವನ್ನು ನೀವು ಓದಿರದಿದ್ದರೆ ಓದಿ. ಓದಿದ್ದರೆ, ಮನೆಯವರೊಂದಿಗೆ ಕುಳಿತು ಇನ್ನೊಮ್ಮೆ ಓದಿ. ಮುಂದಿನ ಬಾರಿ ಹಸುಗೂಸಿರುವ ಮನೆಗೆ ಹೋದಾಗ, ಮಗುವಿನ ತೂಕವನ್ನು ಎರಡನೆಯ ಪ್ರಶ್ನೆಯಾಗಿ ಕೇಳಿ.