ಆಪ್ತಸಮಾಲೋಚನೆಯ ಇಂಟರ್ನ್‌ಶಿಪ್: ಲೆಕ್ಕಕ್ಕೆ ಬಾರದ ಒಂದು ಗಂಟೆ

ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಶಿಕ್ಷಣ ಸಂಸ್ಥೆಯಲ್ಲೂ ಅರ್ಹರಾದ ಒಬ್ಬ ಆಪ್ತಸಮಾಲೋಚಕರೋ ಮನಃಶಾಸ್ತ್ರಜ್ಞರೋ ಸಮಾಜಕಾರ್ಯಕರ್ತರೋ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿತು. ಆದೇಶವೇನೋ ಒಳ್ಳೆಯದೇ. ಕಾಲೇಜುಗಳ ಊರೆನಿಸಿಕೊಂಡ ದಾವಣಗೆರೆಗೆ ಅದು ಹೇಗೆ ಅನ್ವಯಿಸುತ್ತದೋ ಹರಿಹರ ತಾಲ್ಲೂಕಿನ ನಂದಿಗುಡಿಯಂಥ ಹಳ್ಳಿಯ ಶಾಲೆಗೂ ಹಾಗೇ ಅನ್ವಯಿಸುತ್ತದೆ. ಹುದ್ದೆ ಕರೆದರೆ ಅರ್ಜಿ ಹಾಕುವವರಿಗೆ ಬರವೇನೂ ಇಲ್ಲ. ಮನಃಶಾಸ್ತ್ರದಲ್ಲಿ, ಆಪ್ತಸಮಾಲೋಚನೆಯಲ್ಲಿ ಸ್ನಾತಕೋತ್ತರ ಪದವಿ ಪಡೆದವರು ವರ್ಷವರ್ಷವೂ ಹೊರಬರುತ್ತಿದ್ದಾರೆ, ಎಲ್ಲರ ಫೈಲಿನಲ್ಲೂ ಇಂಟರ್ನ್‌ಶಿಪ್ ಮುಗಿಸಿದ ಪ್ರಮಾಣಪತ್ರವಿದೆ. ಆ ಪ್ರಮಾಣಪತ್ರ ಹೇಳುವುದು ಅಭ್ಯರ್ಥಿ ಎಷ್ಟು ಗಂಟೆ ಅಲ್ಲಿದ್ದರು ಎಂಬುದನ್ನು ಮಾತ್ರ. ಅವರು ಆಡಿದ ಮಾತನ್ನು ಬಲ್ಲವರೊಬ್ಬರು ಕೂತು ಕೇಳಿದರೇ, ತಿದ್ದಿದರೇ ಎಂಬುದು ಅದರಲ್ಲಿ ಇರುವುದಿಲ್ಲ. ಈ ತರಬೇತಿಯ ದೌರ್ಬಲ್ಯ ಗಂಟೆಗಳ ಕೊರತೆಯಲ್ಲಿಲ್ಲ, ಮೇಲ್ವಿಚಾರಣೆಯ ಕೊರತೆಯಲ್ಲಿದೆ ಎಂಬುದು ನನ್ನ ವಾದ.

ಕಾನೂನಿನ ಸ್ಥಿತಿಯನ್ನೇ ಮೊದಲು ನೋಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಎಂದು ವಿವರಿಸುವಾಗ, ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್‌ನಲ್ಲಿ ಮೇಲ್ವಿಚಾರಣೆಯ ಕ್ಲಿನಿಕಲ್ ತರಬೇತಿ ಸೇರಿರಬೇಕು ಎಂದು ಬಿಡಿಸಿ ಹೇಳುತ್ತದೆ. ಆಪ್ತಸಮಾಲೋಚಕರ ಬಗ್ಗೆ ಅಂಥ ವಿವರಣೆ ಅಲ್ಲಿಲ್ಲ. 2021ರ ಅಲೈಡ್ ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ ಅವರಿಗೆ ತನ್ನ ಪಟ್ಟಿಯಲ್ಲಿ ಜಾಗ ಕೊಟ್ಟಿತು, ಓದಿನ ಅವಧಿಯನ್ನೂ 2,000 ಗಂಟೆ, 3,600 ಗಂಟೆ ಎಂದು ಅಳೆಯಿತು. ಅಳತೆಗೋಲು ಅಲ್ಲೂ ಗಂಟೆಯೇ. ಗಂಟೆ ಎಣಿಸಲು ಸುಲಭ, ಎಣಿಸಲು ಸುಲಭವಾದದ್ದು ಮಾರಲೂ ಸುಲಭ. ಹಾಗಾಗಿಯೇ ಎರಡು ವಾರದ ಆನ್‌ಲೈನ್ ಇಂಟರ್ನ್‌ಶಿಪ್‌ಗಳು ಇವತ್ತು ಶುಲ್ಕದ ಮೇಲೆ ಸಿಗುತ್ತವೆ. ವಿದ್ಯಾರ್ಥಿ ಕ್ಯಾಮೆರಾ ಆಫ್ ಮಾಡಿ ಉಪನ್ಯಾಸ ಕೇಳಿ ಪಿಡಿಎಫ್ ಪಡೆಯಬಹುದು. ಆ ವ್ಯಾಪಾರವನ್ನು ಬೈದು ಪ್ರಯೋಜನವಿಲ್ಲ, ನಾವು ಕೇಳಿದ್ದನ್ನೇ ಅವರು ಕೊಡುತ್ತಿದ್ದಾರೆ.

ಮೇಲ್ವಿಚಾರಣೆ ಇದ್ದರೆ ಏನಾಗುತ್ತದೆ ಎಂದು ಹತ್ತಿರದಿಂದ ನೋಡಲು ಒಂದು ಸೆಷನ್ ಕಲ್ಪಿಸಿಕೊಳ್ಳಬಹುದು. ಹಾಸ್ಟೆಲಿನಲ್ಲಿರುವ ಪಿಯುಸಿ ಹುಡುಗಿ ಹೇಳುತ್ತಾಳೆ: "ಓದಾಕೆ ಮನಸ್ಸಾಗಲ್ಲ ಮೇಡಂ. ಅಪ್ಪ ಸಾಲ ಮಾಡಿ ಸೇರಿಸ್ಯಾನೆ. ನಾನಿದ್ದು ಏನು ಉಪಯೋಗ ಅನ್ನಿಸ್ತೈತಿ." ಇಂಟರ್ನ್ ತಕ್ಷಣ, "ಹಂಗೆಲ್ಲ ಅನ್ಕೋಬಾರದಮ್ಮ, ಚೆನ್ನಾಗಿ ಓದಿ ಅಪ್ಪನ ಸಾಲ ತೀರಿಸು" ಎನ್ನುತ್ತಾರೆ. ಲಾಗ್‌ಬುಕ್ಕಿಗೆ ಹೋಗುವುದು ಇಷ್ಟು: ಪರೀಕ್ಷೆಯ ಆತಂಕ, ಧೈರ್ಯ ತುಂಬಲಾಯಿತು, 45 ನಿಮಿಷ. ಕೆಳಗೆ ಸಹಿ ಬೀಳುತ್ತದೆ. ಅದೇ ಸೆಷನ್ನನ್ನು ಮಾತಿಗೆ ಮಾತು ಬರೆಸಿ, ಪಕ್ಕದ ಕಾಲಮ್ಮಿನಲ್ಲಿ ಆ ಕ್ಷಣ ನಿಮಗೆ ಏನನ್ನಿಸಿತು ಎಂದೂ ಬರೆಸಿದರೆ, ಮೇಲ್ವಿಚಾರಕರ ಪೆನ್ಸಿಲ್ "ನಾನಿದ್ದು ಏನು ಉಪಯೋಗ" ಎಂಬಲ್ಲಿ ನಿಲ್ಲುತ್ತದೆ. ಇಲ್ಲಿ ಯಾಕೆ ಮಾತು ತಿರುಗಿಸಿದಿರಿ? ಸಾಯುವ ಯೋಚನೆ ಇದೆಯಾ ಎಂದು ಕೇಳಿದರೆ ಇಲ್ಲದ್ದನ್ನು ತಲೆಗೆ ತುಂಬಿದಂತಾದೀತು ಎಂಬ ಭಯ ಇಂಟರ್ನ್‌ಗಿತ್ತು. ಆ ಭಯಕ್ಕೆ ಆಧಾರವಿಲ್ಲ, ನೇರವಾಗಿ ಕೇಳಬೇಕು ಎಂಬುದು ಪಠ್ಯಪುಸ್ತಕದಲ್ಲೂ ಇದೆ, ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ಪಡೆದವರೇ ಅವರು. ಆದರೂ ಹುಡುಗಿಯ ಎದುರು ಬಾಯಿ ಬರಲಿಲ್ಲ. ಈಗ ಮೇಲ್ವಿಚಾರಕರು ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿಸಿ ಅಭ್ಯಾಸ ಮಾಡಿಸುತ್ತಾರೆ, ಇವತ್ತೇ ವಾರ್ಡನ್‌ಗೆ, ಮನೆಯವರಿಗೆ ಎಷ್ಟು ತಿಳಿಸಬೇಕೆಂದು ತೀರ್ಮಾನಿಸುತ್ತಾರೆ, 14416ರ ಟೆಲಿ ಮಾನಸ್ ಸಹಾಯವಾಣಿಯ ನಂಬರನ್ನು ಹುಡುಗಿಯ ಕೈಗೆ ಕೊಡಿಸುತ್ತಾರೆ, ನಾಳೆಯೇ ಮತ್ತೆ ಭೇಟಿ ಗೊತ್ತುಮಾಡಿಸುತ್ತಾರೆ. ಕಲಿಕೆ ಆದದ್ದು ಹುಡುಗಿಯ ಮುಂದೆ ಕಳೆದ 45 ನಿಮಿಷದಲ್ಲಲ್ಲ, ಆಮೇಲಿನ ಈ ಗಂಟೆಯಲ್ಲಿ.

ಕೆಲಸ ಮಾಡುತ್ತ ಮಾಡುತ್ತ ಕಲಿಯುತ್ತಾರೆ ಬಿಡಿ ಎನ್ನುವವರಿದ್ದಾರೆ. ಈ ವೃತ್ತಿಯಲ್ಲಿ ಆ ಮಾತು ನಿಲ್ಲುವುದಿಲ್ಲ. ಅಮೆರಿಕದಲ್ಲಿ 170 ಚಿಕಿತ್ಸಕರು ಮತ್ತು ಅವರು ನೋಡಿದ ಆರೂವರೆ ಸಾವಿರಕ್ಕೂ ಹೆಚ್ಚು ಜನರ ಫಲಿತಾಂಶಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅನುಭವ ಹೆಚ್ಚಿದಂತೆ ಒಟ್ಟಾರೆ ಫಲಿತಾಂಶ ಸುಧಾರಿಸಲಿಲ್ಲ, ಕೂದಲೆಳೆಯಷ್ಟು ಇಳಿದೇ ಇತ್ತು. ಬಡಗಿಗೆ ತಾನು ಮಾಡಿದ ಬಾಗಿಲು ಮುಚ್ಚಿಕೊಳ್ಳದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆಪ್ತಸಮಾಲೋಚಕರಿಗೆ, ಮರಳಿ ಬಾರದ ವ್ಯಕ್ತಿ ಗುಣವಾಗಿ ಬರಲಿಲ್ಲವೋ ಬೇಸತ್ತು ಬರಲಿಲ್ಲವೋ ತಿಳಿಯುವುದಿಲ್ಲ. ಇದಕ್ಕೆ ಎದುರಾಗಿ ಗೋವಾದ ಸಂಗಾತ್ ಸಂಸ್ಥೆಯ ಪ್ರಯೋಗವನ್ನು ಇಡಬೇಕು. ಮನಃಶಾಸ್ತ್ರ ಓದದ ಸ್ಥಳೀಯರಿಗೆ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯವರಿಗೆ ಆರರಿಂದ ಎಂಟು ಸೆಷನ್ ಕೊಡಿಸಲಾಯಿತು, ಫಲಿತಾಂಶ ಚೆನ್ನಾಗಿತ್ತು. ಇದನ್ನು ತೋರಿಸಿ, ಪದವಿಯೇ ಬೇಡವಾದ ಮೇಲೆ ಇಂಟರ್ನ್‌ಶಿಪ್ ಕಟ್ಟುಪಾಡು ಯಾಕೆ ಎನ್ನುವ ವಾದವುಂಟು. ಹಾಗೆ ವಾದಿಸುವವರು ಬಿಟ್ಟುಬಿಡುವ ಅರ್ಧ ಭಾಗವೇ ಮುಖ್ಯವಾದದ್ದು: ಅಲ್ಲಿ ಸೆಷನ್‌ಗಳ ಧ್ವನಿಮುದ್ರಣವನ್ನು ಗುಂಪಿನಲ್ಲಿ ಕೇಳಿ, ಅಂಕ ಕೊಟ್ಟು ಚರ್ಚಿಸುತ್ತಿದ್ದರು. ಪದವಿ ಇಲ್ಲದೆಯೂ ನಡೆದದ್ದು ಮೇಲ್ವಿಚಾರಣೆ ಇಲ್ಲದೆ ನಡೆಯಲಿಲ್ಲ.

ನಮ್ಮ ಸೀಮೆಯಲ್ಲೂ ಇದಕ್ಕೆ ಹಳೆಯ ಬೇರಿದೆ. 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರನ್ನೂ ಕಾರ್ಯಕರ್ತರನ್ನೂ ಮಾನಸಿಕ ಆರೋಗ್ಯದ ಕೆಲಸಕ್ಕೆ ತಯಾರು ಮಾಡಿತು. ಆಗ ದಾವಣಗೆರೆಯ ನೆರೆಯ ಹರಪನಹಳ್ಳಿಯೂ ಆ ಜಿಲ್ಲೆಯಲ್ಲೇ ಇತ್ತು. ತರಬೇತಿ ಕೊಟ್ಟು ಕೈತೊಳೆದುಕೊಳ್ಳದೆ ಬೆನ್ನಿಗೊಂದು ಜಿಲ್ಲಾ ತಂಡವನ್ನು ಇಟ್ಟರು. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ಇದೇ. ಎಂಎಸ್‌ಡಬ್ಲ್ಯು ವಿದ್ಯಾರ್ಥಿಗಳ ಫೀಲ್ಡ್‌ವರ್ಕ್ ಪದ್ಧತಿಯೂ ನೆನಪಿಡತಕ್ಕದ್ದು: ವಾರಕ್ಕೆ ಎರಡು ದಿನ ಕ್ಷೇತ್ರ, ಆಮೇಲೆ ವರದಿ ಹಿಡಿದು ಅಧ್ಯಾಪಕರೊಂದಿಗೆ ವೈಯಕ್ತಿಕ ಚರ್ಚೆ. ಎಷ್ಟೋ ಕಡೆ ಆ ಚರ್ಚೆ ಸಹಿ ಹಾಕಿಸುವ ಶಾಸ್ತ್ರವಾಗಿದೆ, ನಿಜ. ಆದರೂ ಚೌಕಟ್ಟು ಇದೆ, ಅದನ್ನು ಆಪ್ತಸಮಾಲೋಚನೆಯ ವಿಭಾಗಗಳು ಎರವಲು ಪಡೆಯಬಹುದು.

ಹೊರಗಿನ ಮಾನದಂಡ ನಮ್ಮ ಹಳ್ಳಿಗೆ ಒಗ್ಗದು ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ನಂದಿಗುಡಿಯ ಆಸುಪಾಸಿನಲ್ಲೇ ತುಂಗಭದ್ರೆಯ ದಡದ ಉಕ್ಕಡಗಾತ್ರಿ ಇದೆ. ಗಾಳಿ ಸೋಂಕಿದೆ, ದೆವ್ವ ಮೆಟ್ಟಿಕೊಂಡಿದೆ ಎಂದು ನಂಬಿದವರನ್ನು ಮನೆಯವರು ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ಕರೆತರುತ್ತಾರೆ, ಅಮಾವಾಸ್ಯೆಗೆ ಜನ ಕಿಕ್ಕಿರಿಯುತ್ತಾರೆ. ಇದೇ ಜನ ಮನೋವೈದ್ಯರ ಒಪಿಡಿಗೂ ಬರುವುದುಂಟು. ಇಂಗ್ಲಿಷ್ ಪಠ್ಯ ಓದಿ ಬಂದ ಇಂಟರ್ನ್‌ಗೆ ಇಲ್ಲಿ ಎರಡು ತಪ್ಪು ದಾರಿಗಳು ಸದಾ ತೆರೆದಿರುತ್ತವೆ: ಮೂಢನಂಬಿಕೆ ಎಂದು ಮುಖ ಸಿಂಡರಿಸುವುದು, ಇಲ್ಲವೇ ನಂಬಿಕೆಗೆ ಕೈಮುಗಿದು ಸುಮ್ಮನಾಗುವುದು. ಮಾತ್ರೆ ನಿಲ್ಲಿಸಿ ಅಲ್ಲಿಗೆ ಹೋದರೋ ಮಾತ್ರೆ ಹಿಡಿದುಕೊಂಡೇ ಹೋದರೋ, ಹೋಗಿಬಂದ ಮೇಲೆ ಮನೆಯವರು ಅವರನ್ನು ನಡೆಸಿಕೊಳ್ಳುವ ರೀತಿ ಬದಲಾಯಿತೋ ಎಂದು ಕೇಳುವುದನ್ನು ಕಲಿಸುವ ಪಠ್ಯ ಇಲ್ಲ. ಈ ಜಿಲ್ಲೆಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವರು ಪಕ್ಕದಲ್ಲಿ ಕೂತು ಮಾತ್ರ ಅದನ್ನು ಕಲಿಸಬಲ್ಲರು. ಹಾಗಾಗಿ ಈ ಆಕ್ಷೇಪ ಮೇಲ್ವಿಚಾರಣೆಯ ವಿರುದ್ಧ ಹೋಗುವುದಿಲ್ಲ, ಅದರ ಪರವಾಗಿಯೇ ನಿಲ್ಲುತ್ತದೆ.

ಗುಟ್ಟಿನ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಿನಲ್ಲಿ ಸೆಷನ್ನಿನ ಮಾತು ಮೂರನೆಯವರ ಕಿವಿಗೆ ಬೀಳುವುದು ಅಪಾಯವೇ, 2017ರ ಕಾಯ್ದೆ ಗೌಪ್ಯತೆಯನ್ನು ಹಕ್ಕೆಂದೇ ಕೊಟ್ಟಿದೆ. ಮೊದಲೇ ಒಪ್ಪಿಗೆ ಕೇಳಬೇಕು, ಹೆಸರು ಊರು ಬರೆಯಬಾರದು, ಧ್ವನಿಮುದ್ರಣವನ್ನು ಚರ್ಚೆ ಮುಗಿದ ಕೂಡಲೇ ಅಳಿಸಬೇಕು. ಇಷ್ಟು ಮಾಡಿದ ಮೇಲೂ ಉಳಿಯುವ ಅಪಾಯಕ್ಕಿಂತ, ಅನನುಭವಿಯೊಬ್ಬರು ಯಾರಿಗೂ ಹೇಳದೆ ಒಬ್ಬರೇ ತೀರ್ಮಾನಿಸುವ ಅಪಾಯ ದೊಡ್ಡದು.

ಇನ್ನುಳಿದದ್ದು ಆಳುಗಳ ಲೆಕ್ಕ. ಅಮೆರಿಕದ ಮಾನ್ಯತಾ ಸಂಸ್ಥೆ ಸಿಎಸಿಆರ್‌ಇಪಿ 600 ಗಂಟೆಯ ಇಂಟರ್ನ್‌ಶಿಪ್ ಕೇಳುತ್ತದೆ, ಅದರಲ್ಲಿ 240 ಗಂಟೆ ನೇರ ಸೇವೆ. ಜೊತೆಗೆ ವಾರಕ್ಕೆ ಸರಾಸರಿ ಒಂದು ಗಂಟೆ ವೈಯಕ್ತಿಕ ಮೇಲ್ವಿಚಾರಣೆ, ಒಂದೂವರೆ ಗಂಟೆ ಗುಂಪಿನದು. ನಮ್ಮವರು ಅದರಿಂದ 600ನ್ನು ನಕಲು ಮಾಡುವ ಆಸೆ ಬಿಟ್ಟು ಒಂದೂವರೆಯನ್ನು ಹಿಡಿದುಕೊಳ್ಳಲಿ. ಹನ್ನೆರಡು ವಿದ್ಯಾರ್ಥಿಗಳ ತರಗತಿಯನ್ನು ನಾಲ್ವರ ಮೂರು ಗುಂಪು ಮಾಡಿದರೆ ವಾರಕ್ಕೆ ನಾಲ್ಕೂವರೆ ಗಂಟೆ ಸಾಕು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು, ಜಿಲ್ಲಾ ಮಾನಸಿಕ ಆರೋಗ್ಯ ತಂಡದವರು ಸರದಿಯಲ್ಲಿ ಕೂರಬಹುದು, ದೂರದ ಪರಿಣತರು ವಿಡಿಯೊ ಕರೆಯಲ್ಲಿ ಸೇರಬಹುದು. ಅಡ್ಡಿ ಇರುವುದು ಟೈಮ್‌ಟೇಬಲ್‌ನಲ್ಲಿ. ಯುಜಿಸಿಯ 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಪಾಠ ಮಾಡಬೇಕು. ಈ ನಾಲ್ಕೂವರೆ ಗಂಟೆಯನ್ನು ಆ ಹದಿನಾರರ ಒಳಗೇ ಪೀರಿಯಡ್ ಎಂದು ಬರೆಯದೆ, ಅಧ್ಯಾಪಕರ ಸೌಜನ್ಯಕ್ಕೆ ಬಿಟ್ಟರೆ ಅದು ಮೊದಲ ಸೆಮಿಸ್ಟರಿನಲ್ಲೇ ಕರಗಿಹೋಗುತ್ತದೆ. ಹಾಗೆ ಬರೆದ ಮೇಲೆ ಪ್ರಮಾಣಪತ್ರದ ಗಂಟೆಗಳನ್ನು ಅರ್ಧಕ್ಕೆ ಇಳಿಸಿದರೂ ನಷ್ಟವಿಲ್ಲ.