ಐವತ್ತು ಹೇಳಿಕೆಗಳೂ ಒಡೆದ ಬಟ್ಟಲೂ

'ನನಗೆ ಆಟಿಸಂ ಇರಬಹುದೇ?' ಎಂಬ ಪ್ರಶ್ನೆಯನ್ನು ಇಂದು ಚಿಕ್ಕ ಮಕ್ಕಳ ತಂದೆತಾಯಿಯರಷ್ಟೇ ಅಲ್ಲ, ಇಪ್ಪತ್ತೈದು, ನಲವತ್ತು ದಾಟಿದವರೂ ತಮಗೆ ತಾವೇ ಕೇಳಿಕೊಳ್ಳುತ್ತಿದ್ದಾರೆ. ಅನೇಕರಲ್ಲಿ ಈ ಪ್ರಶ್ನೆ ಹುಟ್ಟುವುದು ಒಂದೇ ಬಗೆಯ ನೋವಿನಿಂದ. ತಾವು ಸಹಜವಾಗಿ ಆಡಿದ ಮಾತು ಎದುರಿಗಿದ್ದವರಿಗೆ ಅವಮಾನವಾಗಿ ಕೇಳಿಸಿ, ಏಕೆಂದು ತಿಳಿಯುವ ಮುನ್ನವೇ ಬಾಂಧವ್ಯ ಮುರಿದುಬಿದ್ದಿರುತ್ತದೆ. ಉತ್ತರವನ್ನರಸಿ ಅವರು ಮೊಬೈಲಿನಲ್ಲಿ ದೊರೆಯುವ ಸ್ವಪರೀಕ್ಷೆಗಳನ್ನು ತೆರೆಯುತ್ತಾರೆ. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದನ್ನು, ಒಂದು ಗ್ರಂಥವನ್ನು ವಿಮರ್ಶಿಸುವಂತೆಯೇ ಇಲ್ಲಿ ಪರಿಶೀಲಿಸೋಣ.

ಅದರ ಹೆಸರು 'ಆಟಿಸಂ ಸ್ಪೆಕ್ಟ್ರಂ ಕೋಶಂಟ್', ಸಂಕ್ಷೇಪವಾಗಿ ಎ.ಕ್ಯೂ. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಸೈಮನ್ ಬ್ಯಾರನ್-ಕೋಹೆನ್ ಮತ್ತು ಅವರ ಸಂಗಡಿಗರು 2001ರಲ್ಲಿ ಇದನ್ನು ಪ್ರಕಟಿಸಿದರು. ಇದರಲ್ಲಿ 50 ಹೇಳಿಕೆಗಳಿವೆ. ಪ್ರತಿಯೊಂದನ್ನೂ ಖಂಡಿತವಾಗಿ ಒಪ್ಪುವಿರೋ, ಸ್ವಲ್ಪ ಒಪ್ಪುವಿರೋ, ಸ್ವಲ್ಪ ಒಪ್ಪುವುದಿಲ್ಲವೋ, ಖಂಡಿತ ಒಪ್ಪುವುದಿಲ್ಲವೋ ಎಂದು ಗುರುತು ಹಾಕಬೇಕು. 32 ಅಥವಾ ಅದಕ್ಕೆ ಮೇಲ್ಪಟ್ಟ ಅಂಕ ಬಂದರೆ ಆಟಿಸಂನ ಗುಣಲಕ್ಷಣಗಳು ಗಣನೀಯವಾಗಿವೆ ಎಂದರ್ಥ. ಈ ಪರೀಕ್ಷೆಯಲ್ಲಿ ಮೆಚ್ಚಬೇಕಾದ ಅಂಶವನ್ನು ಮೊದಲು ಹೇಳಬೇಕು. ಬಾಲ್ಯದಿಂದಲೂ 'ಮೊಂಡ', 'ಸೊಕ್ಕಿನವಳು', 'ಯಾರೊಂದಿಗೂ ಬೆರೆಯದವನು' ಎಂಬ ಮಾತುಗಳನ್ನೇ ಕೇಳುತ್ತ ಬೆಳೆದವರಿಗೆ ತಮ್ಮ ಸ್ವಭಾವವನ್ನು ಕುರಿತು ಯೋಚಿಸಲು ಇದು ಬೇರೊಂದು ಪದವನ್ನು ನೀಡಿದೆ. ಅದು ಸಣ್ಣ ಉಪಕಾರವಲ್ಲ.

ಆದರೆ ಅಂಕವನ್ನು ತೀರ್ಪೆಂದು ಓದಲಾಗದು. ಇದನ್ನು ರಚಿಸಿದವರೇ ಇದು ನಿರ್ಣಯದ ಸಾಧನವಲ್ಲವೆಂದು ಹೇಳಿದ್ದಾರೆ. ಅವರ ಮೂಲ ಅಧ್ಯಯನದಲ್ಲಿ ಆಟಿಸಂ ಇದೆಯೆಂದು ಮೊದಲೇ ಗುರುತಿಸಲ್ಪಟ್ಟಿದ್ದ 58 ವಯಸ್ಕರಲ್ಲಿ ನೂರಕ್ಕೆ 80ರಷ್ಟು ಮಂದಿ 32ರ ಗಡಿ ಮುಟ್ಟಿದರು. ಇತರ 174 ಮಂದಿಯಲ್ಲಿ ನೂರಕ್ಕೆ ಇಬ್ಬರು ಮಾತ್ರ. ಕೇಳಲು ಬಹಳ ಖಚಿತವಾಗಿದೆಯಲ್ಲವೇ? ಈಗ ಸಾವಿರ ಜನರಿರುವ ಒಂದು ಊರನ್ನು ಊಹಿಸಿಕೊಳ್ಳಿ. ನೂರಕ್ಕೊಬ್ಬರಂತೆ ಲೆಕ್ಕ ಹಿಡಿದರೆ ಅಲ್ಲಿ ಆಟಿಸಂ ಉಳ್ಳವರು ಹತ್ತು ಮಂದಿ. ಅವರಲ್ಲಿ ಎಂಟು ಮಂದಿ ಗಡಿ ಮುಟ್ಟುತ್ತಾರೆ. ಉಳಿದ 990 ಜನರಲ್ಲಿ ನೂರಕ್ಕಿಬ್ಬರಂತೆ ಸುಮಾರು ಇಪ್ಪತ್ತು ಮಂದಿಯೂ ಗಡಿ ಮುಟ್ಟುತ್ತಾರೆ. ಅಂದರೆ 'ಹೌದು' ಎನಿಸಿಕೊಂಡ ಇಪ್ಪತ್ತೆಂಟು ಮಂದಿಯಲ್ಲಿ ಇಪ್ಪತ್ತು ಜನರಿಗೆ ಆಟಿಸಂ ಇಲ್ಲ. ಇರುವವರಲ್ಲಿ ಇಬ್ಬರು 'ಇಲ್ಲ' ಎನಿಸಿಕೊಂಡು ಮನೆಗೆ ಹಿಂದಿರುಗುತ್ತಾರೆ. ಅದೂ ಅಲ್ಲದೆ, 'ಸ್ವಲ್ಪ' ಎಂದವನಿಗೂ 'ಖಂಡಿತ' ಎಂದವನಿಗೂ ಇಲ್ಲಿ ದೊರೆಯುವುದು ಒಂದೇ ಅಂಕ. ನಮ್ಮ ದೇಶದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಪ್ರಮಾಣಪತ್ರಕ್ಕಾಗಿ ಬಳಸುವ ಐ.ಎಸ್.ಎ.ಎ. ಮಾಪಕದ 40 ಅಂಶಗಳನ್ನು ತುಂಬುವವರು ತರಬೇತಿ ಪಡೆದ ತಜ್ಞರು. ಅವರು ವ್ಯಕ್ತಿಯನ್ನು ಗಮನಿಸಿ, ಹೆತ್ತವರನ್ನು ವಿಚಾರಿಸಿ ಬರೆಯುತ್ತಾರೆ.

ಎ.ಕ್ಯೂ.ವಿನ ಹೇಳಿಕೆಗಳಲ್ಲಿ ಒಂದು ನನ್ನನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಿತು. ನಾನು ಸಭ್ಯವೆಂದು ಭಾವಿಸಿ ಆಡಿದ ಮಾತನ್ನು ಅಸಭ್ಯವೆಂದು ಇತರರು ಆಗಾಗ ನನಗೆ ಹೇಳುತ್ತಾರೆ ಎಂಬುದು ಅದರ ತಾತ್ಪರ್ಯ. ಗಮನಿಸಿ: ಇದು ಅಳೆಯುವುದು ನಿಮ್ಮ ಮಾತನ್ನಲ್ಲ, ನಿಮ್ಮ ನೆರೆಹೊರೆಯವರ ನಾಲಿಗೆಯನ್ನು. ನಮ್ಮ ಕುಟುಂಬಗಳಲ್ಲಿ ಇಂಥದ್ದನ್ನು ಎದುರಿಗೆ ಹೇಳುವವರು ಎಷ್ಟು ಮಂದಿ? ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ, ಮುಂದಿನ ಹಬ್ಬಕ್ಕೆ ಕರೆಯುವುದಿಲ್ಲ. ಹೇಳಿಸಿಕೊಳ್ಳದ ಆ ಯುವಕ ಪ್ರಾಮಾಣಿಕವಾಗಿ 'ಒಪ್ಪುವುದಿಲ್ಲ' ಎಂದು ಗುರುತು ಹಾಕುತ್ತಾನೆ. ಚಿಕ್ಕಂದಿನಿಂದಲೇ ತಗ್ಗಿ ಬಗ್ಗಿ ನಡೆಯಲು ಕಲಿಸಲ್ಪಟ್ಟು, ಪ್ರತಿ ಮಾತನ್ನೂ ಮನಸ್ಸಿನಲ್ಲೇ ಅಳೆದು ಸುಸ್ತಾಗುವ ಹೆಣ್ಣುಮಗಳ ಉತ್ತರವೂ ಅದೇ.

ಇನ್ನು ನಮ್ಮ ಸಭ್ಯತೆಯಾದರೂ ಸರಳವೇ? ಚಿಕ್ಕಮ್ಮ 'ಸಾರು ಹೇಗಿದೆಯಪ್ಪಾ?' ಎಂದಾಗ 'ಉಪ್ಪು ಹೆಚ್ಚಾಗಿದೆ' ಎಂದವನು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾನೆ. ಆಕೆ ಕೇಳಿದ್ದು ಪ್ರಶ್ನೆಯಾಗಿರಲಿಲ್ಲ. 'ಊಟ ಮಾಡಿಕೊಂಡೇ ಹೋಗಿ' ಎಂಬ ಉಪಚಾರದ ಮಾತನ್ನು ನಂಬಿ ಕೈತೊಳೆದು ಕುಳಿತವನ ಕಥೆಯೂ ಅಷ್ಟೇ. ಬೀಳ್ಕೊಳ್ಳುವಾಗ 'ಬರುತ್ತೇನೆ' ಎನ್ನದೆ 'ಹೋಗುತ್ತೇನೆ' ಎಂದರೆ ಹಿರಿಯರ ಮುಖ ಸಪ್ಪಗಾಗುತ್ತದೆ. ಆತನಾದರೋ ನಿಜವಾಗಿಯೂ ಹೋಗುತ್ತಿದ್ದಾನೆ! ಅದೇ ಮದುವೆಯ ಚಪ್ಪರದಲ್ಲಿ 'ಏನಮ್ಮಾ, ದಪ್ಪಗಾಗಿಬಿಟ್ಟಿದ್ದೀಯಲ್ಲ!', 'ಸಂಬಳ ಎಷ್ಟು?', 'ಇನ್ನೂ ವಿಶೇಷವೇನೂ ಇಲ್ಲವೇ?' ಎಂದು ಕೇಳುತ್ತ ಸಾಗುವ ನಮಗೆ ಯಾರೂ ಅಸಭ್ಯರೆಂದು ಹೇಳುವುದಿಲ್ಲ. ಆ ಹೇಳಿಕೆಯಲ್ಲಿ ನಮಗೆ ಬರುವ ಅಂಕ ಸೊನ್ನೆ.

ಉದ್ದೇಶವಿಲ್ಲದ ಅವಮಾನವನ್ನೇ ವಿಷಯವಾಗಿಸಿಕೊಂಡ ಮತ್ತೊಂದು ಪರೀಕ್ಷೆಯಿದೆ. ಅದರ ಹೆಸರು 'ಫೋ ಪಾ', ಅಂದರೆ ಫ್ರೆಂಚ್ ಭಾಷೆಯಲ್ಲಿ ತಪ್ಪು ಹೆಜ್ಜೆ. ಇದನ್ನು ವ್ಯಕ್ತಿ ತಾನೇ ತುಂಬುವುದಿಲ್ಲ; ಪರೀಕ್ಷಕರು ಪುಟ್ಟ ಕಥೆಗಳನ್ನು ಓದಿ ಪ್ರಶ್ನೆ ಕೇಳುತ್ತಾರೆ. 1998ರಲ್ಲಿ ವಲೆರಿ ಸ್ಟೋನ್ ಮತ್ತು ಸಂಗಡಿಗರು ಮೆದುಳಿಗೆ ಹಾನಿಯಾದ ವಯಸ್ಕರಿಗಾಗಿ ಇದನ್ನು ಬಳಸಿದರು. ಮರುವರ್ಷ ಆಸ್ಪರ್ಗರ್ ಲಕ್ಷಣಗಳುಳ್ಳ ಮಕ್ಕಳಿಗಾಗಿ ಇದರ ಇನ್ನೊಂದು ರೂಪ ಪ್ರಕಟವಾಯಿತು. ಒಂದು ಕಥೆ ಹೀಗಿದೆ. ಗೆಳತಿಯ ಮದುವೆಗೆ ಗಾಜಿನ ಬಟ್ಟಲೊಂದನ್ನು ಉಡುಗೊರೆ ಕೊಟ್ಟವಳು, ವರ್ಷದ ಬಳಿಕ ಆಕೆಯ ಮನೆಗೆ ಹೋದಾಗ ಕೈತಪ್ಪಿ ಅದನ್ನೇ ಒಡೆಯುತ್ತಾಳೆ. ಕ್ಷಮೆ ಕೇಳಿದಾಗ ಗೆಳತಿ, ಚಿಂತಿಸಬೇಡ, ಅದು ನನಗೆಂದೂ ಇಷ್ಟವಿರಲಿಲ್ಲ, ಮದುವೆಗೆ ಯಾರೋ ಕೊಟ್ಟದ್ದು ಎಂದು ಸಮಾಧಾನ ಹೇಳುತ್ತಾಳೆ.

ಕಥೆ ಸೊಗಸಾಗಿದೆ. ಇಲ್ಲಿ ನೋಯಿಸಿದ್ದು ದುರುದ್ದೇಶವಲ್ಲ, ಅಕ್ಕರೆ. ಜೊತೆಗೆ ಒಂದಿಷ್ಟು ಮರೆವು. ಈ ಗೆಳತಿಗೆ ಆಟಿಸಂ ಇದೆಯೆಂದು ಯಾರೂ ಹೇಳುವುದಿಲ್ಲ. ಹೀಗಿದ್ದೂ ಇಂಥ ಪರೀಕ್ಷೆಗಳು ಎಡವುವಿಕೆಯನ್ನು ಒಂದೇ ಪಕ್ಷದ ಕೊರತೆಯೆಂಬಂತೆ ಲೆಕ್ಕ ಹಾಕುತ್ತವೆ ಎಂಬುದೇ ನನ್ನ ಮುಖ್ಯ ಆಕ್ಷೇಪಣೆ. ಸ್ವತಃ ಆಟಿಸಂ ಉಳ್ಳ ಬ್ರಿಟಿಷ್ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ಇದನ್ನು 'ಇಬ್ಬದಿಯ' ಸಮಸ್ಯೆಯೆಂದು ಕರೆದರು: ಅವರಿಗೆ ನಾವು ಅರ್ಥವಾಗದಷ್ಟೇ ನಮಗೆ ಅವರು ಅರ್ಥವಾಗುವುದಿಲ್ಲ. 2020ರಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು ಕಥೆಯೊಂದನ್ನು ಒಬ್ಬರಿಂದೊಬ್ಬರಿಗೆ ದಾಟಿಸುವ ಪ್ರಯೋಗ ನಡೆಸಿದರು. ಆಟಿಸಂ ಉಳ್ಳವರದೇ ಸಾಲು ಇತರರ ಸಾಲಿನಷ್ಟೇ ಚೆನ್ನಾಗಿ ದಾಟಿಸಿತು. ಬೆರಕೆಯ ಸಾಲಿನಲ್ಲಿ ಮಾತ್ರ ವಿವರಗಳು ಹೆಚ್ಚು ಕಳೆದುಹೋದವು. 2025ರಲ್ಲಿ ಹೆಚ್ಚು ಜನರೊಂದಿಗೆ ಮತ್ತೆ ನಡೆಸಿದಾಗ ಬೆರಕೆಯ ಸಾಲೂ ಹಿಂದೆ ಬೀಳಲಿಲ್ಲ. ಮಿಲ್ಟನ್‌ರ ವಾದಕ್ಕೆ ಇದು ಪೂರ್ಣ ಬೆಂಬಲವಲ್ಲ, ನಿಜ. ಆದರೆ ಆಟಿಸಂ ಉಳ್ಳವರಿಗೆ ಸಂವಹನವೇ ಬಾರದೆಂಬ ಹಳೆಯ ನಂಬಿಕೆ ಎರಡರಲ್ಲೂ ನಿಲ್ಲುವುದಿಲ್ಲ.

ಬಟ್ಟಲಿನ ಕಥೆ ಮುಗಿದ ಮೇಲೆ ಪರೀಕ್ಷಕರು ಕೇಳುತ್ತಾರೆ: ಆಡಬಾರದ ಮಾತನ್ನು ಯಾರಾದರೂ ಆಡಿದರೇ? ಯಾರು? ಏಕೆ ಆಡಬಾರದಿತ್ತು? ಕೊಟ್ಟವಳಿಗೆ ಏನೆನಿಸಿರಬಹುದು? 'ಅದನ್ನು ಕೊಟ್ಟವಳು ನಾನೇ ಕಣೇ' ಎಂದು ಆಕೆ ಅಲ್ಲಿಯೇ ಹೇಳಿಬಿಟ್ಟಿದ್ದರೆ ಮುಂದೇನಾಗುತ್ತಿತ್ತು ಎಂಬ ಪ್ರಶ್ನೆ ಆ ಪಟ್ಟಿಯಲ್ಲಿಲ್ಲ.